ಏನೂ ಆಗಂಗಿಲ್ಲ ಬಿಡ್ರೀ

"ಸರ್ರ, ನಮ್ಮ ಹುಡುಗಗ ಬಾಲ್ ತಲಿಲೆ ಹೊಡಿಯೂದ ಕಲಸಾಕತ್ತೀರಂತಲ್ಲ. ತಲಿಗೆ ಏನರ ಆದೀತೇನ್ರಿ?"

ಬೆಟಗೇರಿಯ ಒಂದು ಓಣಿಯಲ್ಲಿ, ಒಳಗೆ ಮಗ್ಗ ಬಡಿಯುತ್ತಿದ್ದ ಸದ್ದಿನ ಮೇಲೆ ದನಿ ಎತ್ತಿ ಆ ತಾಯಿ ಇದನ್ನು ಕೇಳಿದಾಗ ನಾನು ಗಾಡಿಯಿಂದ ಇಳಿದೂ ಇರಲಿಲ್ಲ. ಹುಡುಗನನ್ನ ಮನೆ ಮುಂದೆ ಬಿಟ್ಟು ಹೊರಡೋ ಅವಸರ. ಒಂಬತ್ತೂವರೆಗೆ ಆಫೀಸಿನ ಕಾಲ್ ಇತ್ತು. "ಏನೂ ಆಗಂಗಿಲ್ಲ ಬಿಡ್ರೀ ಅಕ್ಕಾರ" ಅಂದೆ. ಅವರು ನಂಬಿದರು. ನಂಬದೇ ಇರೋಕೆ ಕಾರಣ ಏನಿತ್ತು? ಬೆಂಗಳೂರಿನ ಕಂಪನಿ, ಕೊರಳಲ್ಲಿ ಸೀಟಿ, ಓದಿದ ಮನುಷ್ಯ. ಆ ಮಾತು ಹೇಳುವಾಗ ನನ್ನ ತಲೆ ಮೇಲೆ ಹೆಲ್ಮೆಟ್ ಇತ್ತು ಅನ್ನೋದು ನನಗೆ ಹೊಳೆದದ್ದು ಎಷ್ಟೋ ತಿಂಗಳಾದ ಮೇಲೆ.

ನಾನು ಮಾಡೋ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದ್ರೆ, ಶುಕ್ರವಾರ ಸಂಜೆ ಡೆವಲಪರ್ ಒಬ್ಬ "ಏನೂ ಆಗಲ್ಲ, ಪುಶ್ ಮಾಡೋಣ" ಅಂದಾಗ "ಅದ್ಹೇಗೆ ಗೊತ್ತು?" ಅಂತ ಕೇಳೋದಕ್ಕೇ ನನಗೆ ಸಂಬಳ. ಒಂದು ಪೇಮೆಂಟ್ ಪೇಜಿನ ಬಟನ್ ಬಗ್ಗೆ ಇಟ್ಟುಕೊಳ್ಳೋ ಅನುಮಾನವನ್ನ ಹನ್ನೊಂದು ವರ್ಷದ ಹುಡುಗನ ತಲೆ ಬಗ್ಗೆ ಯಾಕೆ ಇಟ್ಟುಕೊಳ್ಳಲಿಲ್ಲ? ಆವತ್ತಿಂದ ಇದು ನನ್ನನ್ನ ಕಾಡ್ತಾ ಇದೆ.

2020ರ ಮಾರ್ಚಿನಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಬ್ಯಾಗ್ ಹಿಡ್ಕೊಂಡು ಊರಿಗೆ ಬಂದೆ. ಎರಡು ವಾರ ಅಂದುಕೊಂಡು ಬಂದವನು ಮೂರು ವರ್ಷ ಉಳಿದೆ. ಗದಗ-ಬೆಟಗೇರಿ ಏನು ಫುಟ್‌ಬಾಲಿನ ಊರಲ್ಲ. ನಮ್ಮ ಕಡೆ ಕುಸ್ತಿ, ಕಬಡ್ಡಿ, ಹಾಕಿ, ಸೈಕಲ್. ಕ್ರಿಕೆಟ್ ಮಾತು ಬಂದರೆ ನಮ್ಮ ಸುನಿಲ್ ಜೋಶಿ ಹೆಸರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದ ಕಥೆ. ಫುಟ್‌ಬಾಲ್ ಬಂದದ್ದು ಮೊಬೈಲಿನೊಳಗಿಂದ. ಶಾಲೆ ಮುಚ್ಚಿದ್ದ ಕಾಲಕ್ಕೆ ಅಪ್ಪನ ಫೋನಲ್ಲಿ ಮೆಸ್ಸಿ, ರೊನಾಲ್ಡೊ, ಛೆಟ್ರಿಯನ್ನ ನೋಡಿದ ಹತ್ತು ಹನ್ನೆರಡು ಹುಡುಗರು, ಇಬ್ಬರು ಹುಡುಗಿಯರು, ನಮ್ಮ ಮನೆ ಹಿಂದಿನ ಬಯಲಿನಲ್ಲಿ ಒಂದು ಸವೆದ ಚೆಂಡಿನ ಹಿಂದೆ ಎಲ್ಲರೂ ಒಟ್ಟಿಗೇ ಓಡ್ತಿದ್ದರು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ನಾನು ಹಾಸ್ಟೆಲ್ ಟೀಮಿನ ರೈಟ್ ಬ್ಯಾಕ್, ಹನ್ನೊಂದನೆಯವನು ಸಿಗದಿದ್ದಾಗ ಕರೀತಿದ್ದ ಪೈಕಿ. ಅಷ್ಟು ಅನುಭವದ ಮೇಲೆ ಕೋಚ್ ಆದೆ. ಉಳಿದದ್ದು ಯೂಟ್ಯೂಬ್.

ಮೊದಲು ಶೂಟಿಂಗ್. ಇದನ್ನು ಕಲಿಸೋದು ಒಂದು ಸುಖ. ಒದೆಯೋ ಕಾಲಿಗಿಂತ ನಿಂತ ಕಾಲು ಮುಖ್ಯ. ಅದು ಚೆಂಡಿನ ಪಕ್ಕಕ್ಕೆ, ಸುಮಾರು ಒಂದು ಗೇಣು ದೂರದಲ್ಲಿ, ಹೆಬ್ಬೆರಳು ಗೋಲಿನ ಕಡೆ ಮಾಡಿ ಊರಬೇಕು. ನಿಂತ ಕಾಲು ಹಿಂದೆ ಉಳೀತು ಅಂದ್ರೆ ಚೆಂಡು ಆಕಾಶಕ್ಕೆ. ಒದೆಯೋ ಪಾದದ ಕೀಲು ಬಿಗಿ, ಬೆರಳು ನೆಲದ ಕಡೆ, ಚೆಂಡಿಗೆ ತಾಗಬೇಕಾದದ್ದು ಶೂ ಲೇಸ್ ಕಟ್ಟೋ ಜಾಗ. ಒಂದು ತಮಾಷೆ ಗಮನಿಸಿದೆ: ಹೊಸ ಶೂ ಹಾಕಿದ ಹುಡುಗರು ಬೆರಳ ತುದಿಯಿಂದ ಒದೀತಿದ್ದರು, ಚೆಂಡು ಎಲ್ಲೆಲ್ಲೋ ಹೋಗ್ತಿತ್ತು. ಬರಿಗಾಲಿನವರು ಆ ತಪ್ಪು ಮಾಡ್ತಿರಲಿಲ್ಲ. ಮಾಡಿದ್ರೆ ನೋಯುತ್ತಲ್ಲ! ನಾನು ಮೂರು ವಾರ ಬಾಯಿ ನೋಯಿಸಿಕೊಂಡು ಹೇಳಿದ್ದನ್ನ ನೋವು ಅವರಿಗೆ ಒಂದೇ ದಿನದಲ್ಲಿ ಹೇಳಿಕೊಟ್ಟಿತ್ತು.

ಇಬ್ಬರು ಹುಡುಗಿಯರಲ್ಲಿ ಒಬ್ಬಳು ಶೂಟ್ ಮಾಡ್ತಾನೇ ಇರಲಿಲ್ಲ. ಗೋಲಿನ ಎದುರು ಒಬ್ಬಳೇ ನಿಂತಿದ್ದರೂ ಪಾಸ್ ಕೊಟ್ಟುಬಿಡೋಳು.

"ಹೊಡಿಯವಾ!"

"ಹೋಗಂಗಿಲ್ರೀ ಸರ್."

"ಹೋಗ್ಲಿಲ್ಲ ಅಂದ್ರ ಏನಾತು?"

"ನಗ್ತಾರ್ರೀ."

ಹೆದರಬ್ಯಾಡ ಅಂದೆ. ಮೊದಲು ಬೇಕಂತಲೇ ಇಪ್ಪತ್ತು ಶಾಟ್ ಗೋಲಿನ ಆಚೆಗೆ ಹೊಡೆಸಿದೆ, ಯಾರು ನಗ್ತಾರೋ ಅವರೇ ಜಾಲಿ ಕಂಟಿಯೊಳಗಿಂದ ಚೆಂಡು ತರಬೇಕು ಅಂತ ನಿಯಮ ಮಾಡಿದೆ. ಎರಡು ವಾರಕ್ಕೆ ಅವಳು ಎಂಥ ಶಾಟ್ ಹೊಡೆಯೋಕೆ ಶುರು ಮಾಡಿದಳು ಅಂದ್ರೆ, ಗೋಲ್‌ಕೀಪರ್ ಆಗೋಕೆ ಹುಡುಗರು ಜಗಳ ಮಾಡೋದು ನಿಂತಿತು. ನನಗೆ ನನ್ನ ಬಗ್ಗೆ ಭಾರೀ ಹೆಮ್ಮೆ. "ಹೆದರಬ್ಯಾಡ" ಅನ್ನೋ ಒಂದು ಮಾತಿಗೆ ಎಷ್ಟು ಶಕ್ತಿ ಇದೆ ನೋಡಿ ಅಂತ ಆಫೀಸಿನ ಕಾಲ್‌ನಲ್ಲೂ ಹೇಳಿಕೊಂಡೆ.

ಅದೇ ಮಾತನ್ನ ತಗೊಂಡು ಹೆಡಿಂಗ್‌ಗೆ ಹೋದೆ.

ಹೆಡಿಂಗ್ ಕಲಿಸೋದರಲ್ಲಿ ಮುಕ್ಕಾಲು ಪಾಲು ಕೆಲಸ ಕಣ್ಣಿನದು. ಮುಖದ ಕಡೆ ಏನಾದರೂ ಬಂದರೆ ರೆಪ್ಪೆ ಮುಚ್ಚುತ್ತೆ, ಕತ್ತು ಒಳಗೆ ಹೋಗುತ್ತೆ. ನಮ್ಮ ಅಪ್ಪಣೆ ಕೇಳದೇ ದೇಹ ಮಾಡೋ ಕೆಲಸ ಅದು. ಅದನ್ನ ಬಿಡಿಸಬೇಕು. ಮೊದಲು ತಮ್ಮ ಎರಡೂ ಕೈಯಲ್ಲಿ ಚೆಂಡು ಹಿಡಿದು ತಾವೇ ಹಣೆಗೆ ಮೆಲ್ಲಗೆ ತಾಗಿಸಿಕೊಳ್ಳಬೇಕು, ಕೂದಲು ಶುರುವಾಗೋ ಗೆರೆಗಿಂತ ಸ್ವಲ್ಪ ಕೆಳಗೆ. ಆಮೇಲೆ ಮಂಡಿ ಊರಿ ಕೂತವನಿಗೆ ಎರಡು ಮಾರು ದೂರದಿಂದ ಮೆತ್ತಗೆ ಎಸೀಬೇಕು. ಗದ್ದ ಒಳಗೆ, ಕತ್ತು ಬಿಗಿ, ಬಾಯಿ ಮುಚ್ಚಿರಬೇಕು, ಇಲ್ಲಾಂದ್ರೆ ನಾಲಿಗೆ ಕಚ್ಚಿಕೊಳ್ತಾರೆ. ಚೆಂಡು ಬಂದು ತಲೆಗೆ ಬಡೀಬಾರದು, ತಲೆ ಹೋಗಿ ಚೆಂಡಿಗೆ ಬಡೀಬೇಕು. ಸುನಿಲ್ ಛೆಟ್ರಿ ಏನೂ ಎತ್ತರದ ಮನುಷ್ಯ ಅಲ್ಲ, ಆದ್ರೂ ತಲೆಯಿಂದ ಬೇಕಾದಷ್ಟು ಗೋಲು ಹೊಡೆದಿದ್ದಾನೆ. ಎಲ್ಲಾ ಟೈಮಿಂಗ್ ಅಂತ ಹೇಳ್ತಿದ್ದೆ. ಕಣ್ಣು ಮುಚ್ಚಿದವನಿಗೆ "ಹೆದರಬ್ಯಾಡಲೇ!" ಅಂತ ಕೂಗ್ತಿದ್ದೆ.

ಬೆಟಗೇರಿಯ ಆ ಹುಡುಗ ಬೇಗ ಕಲಿತ. ದಿನಕ್ಕೆ ಮೂವತ್ತು, ನಲವತ್ತು ಸಲ ಹೊಡೀತಿದ್ದ. ನಾನು ಲೆಕ್ಕ ಇಡ್ತಿದ್ದೆ, ಹೆಚ್ಚಾದಷ್ಟೂ ಶಭಾಷ್ ಅಂತಿದ್ದೆ. ಚೆಂಡು ದೊಡ್ಡವರು ಆಡೋ ಐದನೇ ನಂಬರಿನದು, ಸುಮಾರು 430 ಗ್ರಾಂ. ಆ ವಯಸ್ಸಿನವರಿಗೆ ಅದಕ್ಕಿಂತ ಹಗುರವಾದ ನಾಲ್ಕನೇ ನಂಬರಿನ ಚೆಂಡು ಇದೆ ಅನ್ನೋದೂ ನನಗೆ ಗೊತ್ತಿರಲಿಲ್ಲ.

2023ರ ಜನವರಿ. ಕತಾರ್ ವಿಶ್ವಕಪ್ ಮುಗಿದು ತಿಂಗಳಾಗಿತ್ತು, ಹುಡುಗರ ಮೈಯಲ್ಲಿ ಮೆಸ್ಸಿ ಹೊಕ್ಕಿದ್ದ. ಒಂದು ಕ್ರೂಸರ್ ಬಾಡಿಗೆಗೆ ತಗೊಂಡು ಮುಂಡರಗಿಗೆ ಫ್ರೆಂಡ್ಲಿ ಮ್ಯಾಚಿಗೆ ಹೋದೆವು. ಕಲ್ಲಿನಂಥ ನೆಲ. ಎದುರು ಟೀಮಿನ ಗೋಲ್‌ಕೀಪರ್ ನಮ್ಮ ಹುಡುಗರಿಗಿಂತ ಎರಡು ಮೂರು ವರ್ಷ ದೊಡ್ಡವನು. ಅವನು ಎತ್ತಿ ಒದ್ದ ಚೆಂಡು ಮೇಲೆ ಹೋಗಿ, ಅಲ್ಲೇ ಒಂದು ಕ್ಷಣ ನಿಂತ ಹಾಗಾಗಿ, ಕೆಳಗೆ ಬಂತು. ನಮ್ಮ ಹುಡುಗ ಅದರ ಕೆಳಗೆ ಹೋಗಿ ನಿಂತ. ನಾನು ಹೇಳಿಕೊಟ್ಟದ್ದನ್ನೆಲ್ಲ ಮಾಡಿದ. ಕೊನೇ ಗಳಿಗೆಯಲ್ಲಿ ಕಣ್ಣು ಮುಚ್ಚಿತು, ಚೆಂಡು ಹಣೆಗಲ್ಲ, ನೆತ್ತಿಗೆ ಬಿತ್ತು.

ಕುಸಿದು ಕೂತ. ಓಡಿಹೋಗಿ ನೀರು ಹಾಕಿದೆ. "ಕಣ್ಣಾಗ ಮಿಂಚ ಬಂದಂಗ ಆತ್ರೀ" ಅಂದ. "ಏಳಪಾ ಹುಲಿ, ಏನೂ ಆಗಿಲ್ಲ" ಅಂದೆ. ಎದ್ದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಮತ್ತೆ ಕಾಲು ಗಂಟೆ ಆಡಿದ. 2-1ರಲ್ಲಿ ಗೆದ್ದೆವು.

ವಾಪಸ್ ಬರುವಾಗ ಕ್ರೂಸರಿನಲ್ಲಿ ಹಾಡು, ಗದ್ದಲ. ಕಿಟಕಿಯಾಚೆ ಕಪ್ಪತಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗ್ತಿದ್ದವು. ಅವನು ನನ್ನ ಪಕ್ಕ ಕೂತಿದ್ದ. "ಸರ್, ಎಷ್ಟಾತ್ರೀ ಸ್ಕೋರು?" ಅಂದ. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ. ಚೇಷ್ಟೆ ಅಂದುಕೊಂಡು ನಕ್ಕೆ. ಮೂರನೇ ಸಲ ಅದೇ ದನಿಯಲ್ಲಿ, ಮೊದಲನೇ ಸಲ ಕೇಳೋ ಹಾಗೆ ಕೇಳಿದಾಗ ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಐದು ನಿಮಿಷಕ್ಕೆ ವಾಂತಿ ಮಾಡಿಕೊಂಡ.

ಗದಗಿನಲ್ಲಿ ಸ್ಕ್ಯಾನ್ ಆಯಿತು. ರಕ್ತಸ್ರಾವ ಇಲ್ಲ, ಮಿದುಳಿಗೆ ಪೆಟ್ಟಿನ ಅದುರು, ಎರಡು ವಾರ ಓಟ ಆಟ ಏನೂ ಬೇಡ ಅಂದರು. ಡಾಕ್ಟರು ನನ್ನನ್ನ ಬೈಯಲಿಲ್ಲ. "ಬಿದ್ದ ಮ್ಯಾಲ ಮತ್ತ ಆಡಾಕ ಬಿಟ್ಟವರು ಯಾರು?" ಅಂತ ಕೇಳಿದರು, ಅಷ್ಟೇ. ತಲೆಗೆ ಪೆಟ್ಟಾಗಿ ಹೀಗೆ ಅನುಮಾನ ಬಂದವರನ್ನ ಆವತ್ತು ಮತ್ತೆ ಮೈದಾನಕ್ಕೆ ಇಳಿಸಲೇಬಾರದು. ಮೊದಲ ಪೆಟ್ಟು ಮಾಗೋ ಮೊದಲೇ ಇನ್ನೊಂದು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು. ಇದನ್ನ ನಾನು ಓದಿದ್ದು ಆ ರಾತ್ರಿ, ಆಸ್ಪತ್ರೆಯ ಬೆಂಚಿನ ಮೇಲೆ.

ಓದೋಕೆ ಕೂತವನು ಬೆಳಗಿನವರೆಗೆ ಓದಿದೆ. ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದಲ್ಲಿ ಜೆಫ್ ಆಸ್ಲ್ ಅಂತ ಒಬ್ಬ ಆಟಗಾರ ಇದ್ದ, ಹೆಡರ್‌ಗೆ ಹೆಸರಾದವನು. 2002ರಲ್ಲಿ, 59ನೇ ವಯಸ್ಸಿಗೆ, ಮಕ್ಕಳ ಗುರುತೂ ಸಿಗದ ಸ್ಥಿತಿಯಲ್ಲಿ ಸತ್ತ. ವಿಚಾರಣೆ ಮಾಡಿದ ಅಧಿಕಾರಿ ಕೊಟ್ಟ ತೀರ್ಪು: ಇದು ಉದ್ಯೋಗದಿಂದ ಬಂದ ಕಾಯಿಲೆ. ಗಣಿ ಕೆಲಸದವರಿಗೆ ಶ್ವಾಸಕೋಶದ ಕಾಯಿಲೆ ಬಂದ ಹಾಗೆ. 2019ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು. ಮಿದುಳು ಸವೆಯೋ ಕಾಯಿಲೆಗಳಿಂದ ಸಾಯೋ ಸಂಭವ ಅವರಲ್ಲಿ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು. ಆಮೇಲೆ ಬಂದ ಇನ್ನೊಂದು ಲೆಕ್ಕದಲ್ಲಿ ಹೆಚ್ಚು ಅಪಾಯ ಡಿಫೆಂಡರುಗಳಿಗೆ, ಕಡಿಮೆ ಗೋಲ್‌ಕೀಪರುಗಳಿಗೆ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ಬೇಡ ಅಂದಿದ್ದರು. 2020ರ ಫೆಬ್ರವರಿಯಲ್ಲಿ, ಅಂದ್ರೆ ನಾನು ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬರೋಕೆ ಒಂದು ತಿಂಗಳು ಮೊದಲು, ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳಿಗೆ ಪ್ರಾಕ್ಟೀಸಿನಲ್ಲಿ ಹೆಡಿಂಗ್ ಕಲಿಸಬಾರದು ಅಂತ ಮಾಡಿದ್ದರು.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಆ ಲೆಕ್ಕ ವರ್ಷಗಟ್ಟಲೆ, ಸಾವಿರಗಟ್ಟಲೆ ಸಲ ತಲೆ ಕೊಟ್ಟ ವೃತ್ತಿಪರರದು. ವಾರಕ್ಕೆರಡು ದಿನ ಬಯಲಲ್ಲಿ ಆಡೋ ಹುಡುಗನಿಗೆ ಅದನ್ನ ನೇರ ತಂದು ಅಂಟಿಸೋಕೆ ಬರಲ್ಲ. ಅದೇ ಗ್ಲಾಸ್ಗೊ ಅಧ್ಯಯನದಲ್ಲಿ ಆ ಆಟಗಾರರು ಹೃದ್ರೋಗದಿಂದ, ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತದ್ದು ಬೇರೆಯವರಿಗಿಂತ ಕಡಿಮೆ. ಆಟ ಅವರಿಗೆ ಆಯುಷ್ಯವನ್ನೂ ಕೊಟ್ಟಿತ್ತು. ಹಾಗಾಗಿ "ತಲೆ ಹಾಳಾಗುತ್ತೆ" ಅಂದರೂ ನನ್ನದು ಸುಳ್ಳೇ ಆಗ್ತಿತ್ತು.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಈ ಸಲ ಗಾಡಿ ಇಳಿದು, ಒಳಗೆ ಹೋಗಿ ಕೂತೆ. ಓದಿದ್ದನ್ನೆಲ್ಲ ತಿಳಿದ ಮಟ್ಟಿಗೆ ಹೇಳಿದೆ, ತಪ್ಪಾಯ್ತು ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗಿನ ಕುಣಿಮಗ್ಗದ ಕಡೆ ಕೈ ಮಾಡಿದರು.

"ಆ ಕುಣ್ಯಾಗ ಕಾಲ ಇಳಿಬಿಟ್ಟು ಕುಂತು ಕುಂತು ಅವರಪ್ಪನ ಸ್ವಂಟ ಹೋಗೇತ್ರಿ ಸರ್ರ. ಮುಂದ ಹೋಗತೈತಿ ಅನ್ನೂದು ಗೊತ್ತಿದ್ದ ಕುಂತಾನ. ಗೊತ್ತಿದ್ದು ಮಾಡೂದ ಬ್ಯಾರೆ. ನೀವು ಏನೂ ಆಗಂಗಿಲ್ಲ ಅಂದ್ರಿ. ನನಗ ಗೊತ್ತಿಲ್ಲ ಅಂದಿದ್ರ ಸಾಕಾಗತಿತ್ತು."

ಅವರ ಗಂಡ ಗೊತ್ತಿದ್ದೂ ಕೂತದ್ದು ನಿಜವಾಗಿ ಆಯ್ಕೆಯೇ, ಅಂತ ಅಲ್ಲಿ ಕೂತೇ ನನ್ನ ತಲೆ ವಾದ ಶುರು ಮಾಡಿತ್ತು. ಹೊಟ್ಟೆಪಾಡಿಗೆ ಮಗ್ಗಕ್ಕೆ ಕೂತವನಿಗೆ ಬೇರೆ ದಾರಿ ಎಲ್ಲಿತ್ತು? ಖುಷಿಗೆ ಚೆಂಡಿಗೆ ತಲೆ ಕೊಡೋ ಹುಡುಗನೇ ಹೆಚ್ಚು ಸ್ವತಂತ್ರ ಅಲ್ವಾ? ಆದರೆ ಆ ತಾಯಿ ಮಾತಾಡ್ತಿದ್ದದ್ದು ಸ್ವಾತಂತ್ರ್ಯದ ಬಗ್ಗೆ ಅಲ್ಲ. ಅಪಾಯ ಯಾವುದು ಅಂತ ಗೊತ್ತಿದ್ದಾಗ ಮನುಷ್ಯ ಅದರ ಎದುರು ಒಂದು ರೀತಿ ನಿಲ್ಲುತ್ತಾನೆ, ಸಾಲ ಮಾಡಿಯೋ ಔಷಧಿ ಹಚ್ಚಿಯೋ ತಯಾರಾಗುತ್ತಾನೆ. ಅದನ್ನ ನಾನು ಅವರಿಂದ ಕಸಿದುಕೊಂಡಿದ್ದೆ. ಬೆಂಗಳೂರಿನ ಮಾಲಿನಲ್ಲಿ ಟ್ರ್ಯಾಂಪೊಲಿನ್ ಮೇಲೆ ಮಕ್ಕಳನ್ನ ಬಿಡೋ ಮೊದಲು ನಾವು ಓದದೇ ಸಹಿ ಹಾಕ್ತೀವಲ್ಲ ಒಂದು ಫಾರ್ಮು, ಅದು ಬೇರೆ. ಅದು ಅವರು ಕೈ ತೊಳೆದುಕೊಳ್ಳೋ ನೀರು. ಈ ತಾಯಿ ಕೇಳಿದ್ದು ಸಹಿ ಹಾಕೋ ಕಾಗದವನ್ನಲ್ಲ, "ನನಗ ಗೊತ್ತಿಲ್ಲ" ಅನ್ನೋ ಒಂದು ಮಾತನ್ನ.

ಆಮೇಲೆ ಯೋಚನೆ ಮಾಡಿದಾಗ ಕಂಡದ್ದು, ನನ್ನ ತಪ್ಪು ಹೆಡಿಂಗ್ ಕಲಿಸಿದ್ದಕ್ಕಿಂತ ಹಿಂದೆ ಶುರುವಾಗಿತ್ತು. ಶೂಟ್ ಮಾಡೋಕೆ ಹೆದರ್ತಿದ್ದ ಹುಡುಗಿಗೂ, ತಲೆ ಕೊಡೋಕೆ ಹೆದರ್ತಿದ್ದ ಹುಡುಗನಿಗೂ ನಾನು ಹೇಳಿದ್ದು ಒಂದೇ ಮಾತು. ಅವಳ ಹೆದರಿಕೆ ಬೇರೆಯವರ ನಗುವಿನದು. ಅದನ್ನ ಓಡಿಸೋ ಹಕ್ಕು ನನಗಿತ್ತು ಅಂತ ಈಗಲೂ ಅನಿಸುತ್ತೆ, ಯಾಕಂದ್ರೆ ಅದು ಹೋದರೆ ಅವಳು ಕಳೆದುಕೊಳ್ಳೋದು ಏನೂ ಇರಲಿಲ್ಲ. ಇವನದು ರೆಪ್ಪೆ ಹೇಳ್ತಿದ್ದ ಹೆದರಿಕೆ. ಬರಿಗಾಲಿನ ಹುಡುಗರಿಗೆ ಬೆರಳ ನೋವು ಸರಿಯಾಗಿ ಒದೆಯೋದನ್ನ ಹೇಳಿಕೊಟ್ಟ ಹಾಗೆ, ಇದೂ ಏನನ್ನೋ ಹೇಳಿಕೊಡೋಕೆ ನೋಡ್ತಿತ್ತು. ಅದರ ಬಾಯಿ ಮುಚ್ಚಿಸಿದೆ.

ನಮ್ಮೂರಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತಾರೆ. ಅದರಲ್ಲಿ ಉತ್ತರಕುಮಾರನ ಪ್ರಸಂಗ ಕೇಳಿ ನಗದವರಿಲ್ಲ. ಅಂತಃಪುರದಲ್ಲಿ ಕೊಚ್ಚಿಕೊಂಡು, ಕೌರವ ಸೇನೆ ಕಂಡ ಕೂಡಲೇ ರಥ ಬಿಟ್ಟು ಓಡಿದವನು. ಇವತ್ತಿಗೂ ಬಡಾಯಿ ಹೊಡೆಯೋರನ್ನ ಉತ್ತರನ ಪೌರುಷ ಅಂತ ಆಡಿಕೊಳ್ತೀವಿ. ಆದರೆ ಭೀಷ್ಮ, ದ್ರೋಣ, ಕರ್ಣ ಎದುರು ನಿಂತಾಗ ಒಬ್ಬ ಹುಡುಗ ಹೆದರಿದ್ದರಲ್ಲಿ ತಪ್ಪೇನು? ಅವನು ಕೊಚ್ಚಿಕೊಂಡದ್ದು ತಪ್ಪು, ಹೆದರಿದ್ದಲ್ಲ. ಬೃಹನ್ನಳೆಯ ವೇಷದ ಅರ್ಜುನ ಅವನನ್ನ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ. ತಂದು ಏನು ಮಾಡಿದ? "ಏನೂ ಆಗಲ್ಲ, ಹೋಗಿ ಹೊಡಿ" ಅಂತ ಮುಂದೆ ತಳ್ಳಲಿಲ್ಲ. ಕೈಗೆ ಲಗಾಮು ಕೊಟ್ಟು ಸಾರಥಿ ಮಾಡಿದ, ಬಿಲ್ಲು ತಾನು ಹಿಡಿದ. ಹೆದರಿದವನನ್ನ ಓಡಿಹೋಗೋಕೂ ಬಿಡಲಿಲ್ಲ, ಅವನ ಎದೆಯನ್ನ ಬಾಣಕ್ಕೆ ಗುರಿ ಮಾಡಲೂ ಇಲ್ಲ.

ಪ್ಲೇಟೋನ 'ಲಾಕೆಸ್' ಅನ್ನೋ ಸಂವಾದದಲ್ಲಿ ಹೆಚ್ಚೂಕಡಿಮೆ ನನ್ನ ಸಮಸ್ಯೆಯೇ ಇದೆ. ಇಬ್ಬರು ಅಪ್ಪಂದಿರು ಬಂದು, ಕವಚ ತೊಟ್ಟು ಕಾದಾಡೋ ವಿದ್ಯೆಯನ್ನ ನಮ್ಮ ಮಕ್ಕಳಿಗೆ ಕಲಿಸೋಣವೇ ಅಂತ ಇಬ್ಬರು ಸೇನಾಪತಿಗಳನ್ನ ಕೇಳ್ತಾರೆ. ಸಾಕ್ರಟಿಸ್ ಸೇರಿಕೊಂಡ ಮೇಲೆ ಪ್ರಶ್ನೆ 'ಧೈರ್ಯ ಅಂದ್ರೇನು' ಅನ್ನೋದಕ್ಕೆ ಹೋಗುತ್ತೆ. ಒಬ್ಬ ಸೇನಾಪತಿ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋ ತಿಳಿವಳಿಕೆಯೇ ಧೈರ್ಯ ಅಂತಾನೆ. ಅದೂ ನಿಲ್ಲೋದಿಲ್ಲ, ಉತ್ತರ ಸಿಗದೇ ಎಲ್ಲರೂ ಎದ್ದು ಹೋಗ್ತಾರೆ. ಮಕ್ಕಳ ಪ್ರಶ್ನೆ ಹಾಗೇ ಉಳಿಯುತ್ತೆ.

ನನಗೆ ಹಾಗೆ ಎದ್ದು ಹೋಗೋಕೆ ಆಗ್ತಿರಲಿಲ್ಲ, ಭಾನುವಾರ ಬೆಳಿಗ್ಗೆ ಆರಕ್ಕೆ ಹುಡುಗರು ಬಂದು ಬಾಗಿಲು ಬಡೀತಾರೆ. ಒಂದು ನಿಯಮ ಮಾಡಿದೆ. ಹನ್ನೆರಡು ತುಂಬೋವರೆಗೆ ಹೆಡಿಂಗ್ ಇಲ್ಲ, ಪ್ರಾಕ್ಟೀಸಿನಲ್ಲೂ ಇಲ್ಲ, ಮ್ಯಾಚಿನಲ್ಲೂ ಇಲ್ಲ. ಆಮೇಲೂ ಬೇಕಾದವರಿಗೆ ಮಾತ್ರ, ಹಗುರ ಚೆಂಡಿನಲ್ಲಿ, ವಾರಕ್ಕೆ ಹತ್ತು ಸಲ, ಮನೆಯವರಿಗೆ ಎಲ್ಲಾ ಹೇಳಿ. ಹೀಗೆ ಮಾಡಿ ನಾನು ಶುದ್ಧನಾದೆ ಅಂದುಕೊಂಡೆ.

ಆ ಸಮಾಧಾನ ಲಕ್ಷ್ಮೇಶ್ವರದಲ್ಲಿ ಮುಗೀತು. ಅದೇ ವರ್ಷ ಶ್ರಾವಣದಲ್ಲಿ ಅಲ್ಲಿಗೆ ಮ್ಯಾಚಿಗೆ ಹೋಗಿದ್ದೆವು. 0-0, ಇನ್ನು ಐದು ನಿಮಿಷ ಇದೆ, ಅವರಿಗೆ ಕಾರ್ನರ್. ಚೆಂಡು ತೇಲಿಕೊಂಡು ನೇರ ನಮ್ಮ ಹುಡುಗನ ಹತ್ತಿರಕ್ಕೇ ಬಂತು. ಅವನು ನೋಡಿದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವನ ಹಿಂದಿದ್ದ ಲಕ್ಷ್ಮೇಶ್ವರದ ಹುಡುಗ ಹಾರಿ ಹಣೆಯಿಂದ ಹೊಡೆದ. ಗೋಲು. ಚೊಕ್ಕ ಹೆಡರ್, ಕಣ್ಣು ತೆಗೆದೇ ಹೊಡೆದದ್ದು.

ಬರುವಾಗ ಶಿರಹಟ್ಟಿಯಲ್ಲಿ ಗಿರ್ಮಿಟ್ಟು, ಮಿರ್ಚಿ ತಿನ್ನೋಕೆ ನಿಲ್ಲಿಸಿದೆವು. ಯಾರೂ ಮಾತಾಡಲಿಲ್ಲ. ಆ ಹುಡುಗಿಯೇ ಕೊನೆಗೆ ಬಾಯಿ ಬಿಟ್ಟಳು: "ಸರ್, ಅವರ ತಲಿ ತಲಿ ಅಲ್ಲೇನ್ರಿ? ಅವರಿಗೆ ಯಾರು ಬ್ಯಾಡ ಅನ್ನೂದು?" ಹುಡುಗ ಅಂದ: "ನಾ ಹೆದರಿ ಸರಿದಿಲ್ಲರೀ. ನೀವು ಬ್ಯಾಡ ಅಂದೀರಿ ಅಂತ ಸರಿದೀನಿ. ಆದ್ರ ನೋಡಿದವರೆಲ್ಲ ಹೆದರಿದಾ ಅಂತಾರ."

ಮೊದಲು ಅವನ ಹೆದರಿಕೆಯನ್ನ ಕಸಿದುಕೊಂಡಿದ್ದೆ, ಈಗ ಅವನ ಧೈರ್ಯವನ್ನ. ಎರಡೂ ಸಲ ತೀರ್ಮಾನ ಮಾಡಿದ್ದು ನಾನೇ. ಅವನು ಯೋಚನೆ ಮಾಡೋದಕ್ಕೆ ಏನೂ ಉಳಿದಿರಲಿಲ್ಲ. ಆವತ್ತು ಶಿರಹಟ್ಟಿಯ ಆ ಗಾಡಿ ಪಕ್ಕ ನಿಂತು, ಆಸ್ಪತ್ರೆಯ ಬೆಂಚಿನ ಮೇಲೆ ಓದಿದ್ದನ್ನೆಲ್ಲ ಹುಡುಗರಿಗೆ ಹೇಳಿದೆ, ಅಲ್ಲಿಯವರೆಗೆ ದೊಡ್ಡವರಿಗಷ್ಟೇ ಹೇಳಿದ್ದೆ. ಮೂರೂವರೆ ಪಟ್ಟು ಅಂದ್ರೆ ಏನು, ವೃತ್ತಿಪರರು ಅಂದ್ರೆ ಯಾರು, ನನಗೆ ಏನು ಗೊತ್ತಿಲ್ಲ, ಎಲ್ಲಾ. ಮಿರ್ಚಿ ಆರಿ ಹೋಗಿತ್ತು. "ನಿಯಮ ಹಂಗ ಇರಲಿ" ಅಂತ ಕೊನೆಗೆ ಅವರೇ ಹೇಳಿದರು, "ಆದ್ರ ಮ್ಯಾಚ್ ಆಡೂಕಿಂತ ಮೊದಲ ಎರಡೂ ಟೀಮಿಗೆ ಹೇಳ್ರಿ." ಇಷ್ಟು ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ಈಗ ಹಾಗೇ ಮಾಡ್ತೀವಿ. ಕೆಲವು ಊರಿನವರು ಒಪ್ಪುತ್ತಾರೆ, ಕೆಲವರು ನಗ್ತಾರೆ.

ಡಿಸೆಂಬರಿನಲ್ಲಿ ಹುಡುಗನಿಗೆ ಹನ್ನೆರಡು ತುಂಬಿತು. ನಾನು ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದೆ, ಎರಡು ವಾರಕ್ಕೊಮ್ಮೆ ಬರ್ತಿದ್ದೆ. ಆ ಭಾನುವಾರ ಅವನು ಬಯಲಿಗೆ ಬಂದಾಗ ಜೊತೆಗೆ ಅವರವ್ವನೂ ಬಂದಿದ್ದರು. ಬೇವಿನ ಗಿಡದ ಕೆಳಗೆ ಸೆರಗು ಹೊದ್ದು ನಿಂತರು. "ಕಲಸ್ರೀ, ನಾ ನೋಡ್ತೀನಿ. ಅವನ ಕೇಳ್ಯಾನ, ನಾ ಹೂಂ ಅಂದೀನಿ. ಆದ್ರ ಮೊದಲ ನಿಮ್ಮ ತಲಿಲೆ ಒಂದ ಹೊಡದು ತೋರಸ್ರೀ."

ಹುಡುಗನ ಕೈಗೆ ನಾಲ್ಕನೇ ನಂಬರಿನ ಚೆಂಡು ಕೊಟ್ಟು, ಎಂಟು ಹೆಜ್ಜೆ ಹಿಂದೆ ಹೋಗಿ ನಿಂತೆ. ಗದ್ದ ಒಳಗೆ, ಕತ್ತು ಬಿಗಿ, ಬಾಯಿ ಮುಚ್ಚಿದೆ. ಅವನು ಎಸೆದ. ಹೊಡೆದೆ. ಚೆಂಡು ಅವನ ಕಾಲ ಹತ್ತಿರಕ್ಕೇ ಸರಿಯಾಗಿ ಹೋಗಿ ಬಿತ್ತು.

"ಸರ್," ಅಂದ ಹುಡುಗ, "ಕಣ್ಣು ಮುಚ್ಚಿದ್ರಿ."